ಎರಡೇ ಆಸನದ ಬಂಡಿ

ಐವತ್ತು ದಾಟಿದ ಮೇಲೆ ನಮಗೆ ಓಟದ ಮೋಟಾರಿನ ಹುಚ್ಚು ಹಿಡಿಯಿತೆಂದರೆ ವಾಚಕರು ನಗಬಹುದು. ನಗಲಿ, ನಮ್ಮ ಮನೆಯಲ್ಲಿಯೂ ನಕ್ಕರು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಇಪ್ಪತ್ತೆರಡು ವರ್ಷ ಸಂಸಾರ ಹೂಡಿ, ಮನೆಯ ಸಾಲವನ್ನು ತೀರಿಸಿ, ಮಗಳನ್ನು ವಿಶ್ವವಿದ್ಯಾನಿಲಯಕ್ಕೆ ಸೇರಿಸಿದ ತರುವಾಯ, ಕೂಡಿಟ್ಟ ಹಣದ ಒಂದು ದೊಡ್ಡ ಪಾಲನ್ನು ಎರಡೇ ಆಸನಗಳುಳ್ಳ ಒಂದು ಬಂಡಿಗೆ ಸುರಿದೆವು. ಮಳೆ ಬಂದರೆ ಅದರ ಮುಸುಕನ್ನು ಕೈಯಿಂದಲೇ ಎಳೆದು ಕಟ್ಟಬೇಕು. ಹಿಂದೆ ಸಾಮಾನಿಡುವ ಡಿಕ್ಕಿಯೆಂಬುದೇ ಇಲ್ಲ. ಇದನ್ನು ಕೇಳಿದ ನಮ್ಮ ಮನೆಯವರು, "ಇಷ್ಟು ಹಣ ಕೊಟ್ಟು ಇಷ್ಟು ಕೊರತೆಗಳನ್ನು ಕೊಂಡವರು ನೀವೊಬ್ಬರೇ" ಎಂದರು.

ಆ ಬಂಡಿ ಮಾರ್ಗನ್ ಕಂಪೆನಿಯದು. ಮಾಲ್ವರ್ನ್ ಬೆಟ್ಟಗಳ ಬುಡದಲ್ಲಿ ಇಟ್ಟಿಗೆಯ ಹಳೆಯ ಕಟ್ಟಡಗಳ ಸಾಲೊಂದರಲ್ಲಿ ಅದನ್ನು ಕಟ್ಟುತ್ತಾರೆ. 1909ರಲ್ಲಿ ಎಚ್. ಎಫ್. ಎಸ್. ಮಾರ್ಗನ್ ಎಂಬಾತ ಮೂರು ಚಕ್ರದ ಗಾಡಿಯಿಂದ ಮೊದಲುಮಾಡಿ, 1936ರಲ್ಲಿ ನಾಲ್ಕು ಚಕ್ರಕ್ಕೆ ಬಂದನು. ಒಡಲಿನ ಚೌಕಟ್ಟನ್ನು ಇಂದಿಗೂ ಆಶ್ ಎಂಬ ಮರದಿಂದ ಬಡಗಿಗಳು ಕೈಯಾರೆ ಜೋಡಿಸುತ್ತಾರೆ. ಬಂಡಿಯೆಲ್ಲ ಮರದ್ದೆಂದು ಜನರು ಹೇಳುವುದುಂಟು, ಅದು ತಪ್ಪು. ಅಡಿಗಟ್ಟು ಅಲ್ಯೂಮಿನಿಯಮಿನದು, ಎಂಜಿನು ಜರ್ಮನಿಯದು. ಮೈತಗಡನ್ನು ಹೊತ್ತು ನಿಲ್ಲುವ ಗೂಡು ಮಾತ್ರ ಮರದ್ದು. ಹಿಂದಿನ ಚಕ್ರಗಳ ಮೇಲಿನ ಕಮಾನಿಗಾಗಿ ತೆಳ್ಳನೆಯ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಅಚ್ಚಿನಲ್ಲಿ ಬಿಗಿದು ಬಾಗಿಸುತ್ತಾರೆ.

ಬಂಡಿಯನ್ನು ತರಲು ಹೋದ ದಿನ ನಮ್ಮ ತೀರ್ಥರೂಪರೂ ಜೊತೆಯಲ್ಲಿದ್ದರು. ಅವರು ಮೇ ತಿಂಗಳಲ್ಲಿ ತೀರ್ಥಹಳ್ಳಿಯಿಂದ ಬಂದವರು, ಎಪ್ಪತ್ತೊಂಬತ್ತು ವರ್ಷ. ಕಾರ್ಖಾನೆಯನ್ನು ತೋರಿಸುವಾಗ ನಾವು ಎಂಜಿನನ್ನು ನೋಡುತ್ತಿದ್ದೆವು. ಅವರು ಬಡಗಿಯ ಮೇಜಿನ ಬಳಿ ನಿಂತುಬಿಟ್ಟರು. ಅರ್ಧ ಕಟ್ಟಿದ ಗೂಡೊಂದನ್ನು ಬೆರಳ ಗೆಣ್ಣಿನಿಂದ ತಟ್ಟಿ, "ಇದು ನಮ್ಮ ಕಾಲದ ಬಸ್ಸಿನ ಬಾಡಿಯೇ ಅಲ್ಲವೋ ಮಾರಾಯ! ಮರದ ಚೌಕಟ್ಟು, ಮೇಲೆ ತಗಡು" ಎಂದರು. ಆ ಬಡಗಿಗೆ ಕನ್ನಡ ಬಾರದು, ಇವರಿಗೆ ಇಂಗ್ಲಿಷು ಅಷ್ಟಕ್ಕಷ್ಟೆ. ಆದರೂ ಇಬ್ಬರೂ ಒಂದು ಕೀಲನ್ನು ಕುರಿತು ಹತ್ತು ನಿಮಿಷ ಮಾತನಾಡಿದರು. ಮರಳುವಾಗ ಅವರನ್ನು ಹೊಸ ಬಂಡಿಯಲ್ಲಿ ಕೂರಿಸಿಕೊಂಡೆವು; ಮನೆಯವರು ಮಗಳೊಡನೆ ಹಳೆಯ ಕಾರಿನಲ್ಲಿ ಹಿಂದೆ ಬಂದರು. ಹೊಸ ಎಂಜಿನನ್ನು ಮೊದಲು ಮೃದುವಾಗಿ ಓಡಿಸಬೇಕೆಂಬ ನಿಯಮವನ್ನು ನಾವು ಪಾಲಿಸಿದುದಕ್ಕಿಂತ ಅವರು ಪಾಲಿಸಿಸಿದರೆಂಬುದೇ ನಿಜ.

ಬಂಡಿಗಾಗಿ ಕಾದ ತಿಂಗಳುಗಳಲ್ಲಿ ನಾವು ಯೂರೋಪು ಯಾತ್ರೆಯ ನಕ್ಷೆಯೊಂದನ್ನು ಸಿದ್ಧಪಡಿಸಿದ್ದೆವು. ಹತ್ತು ದಿನ, ಏಳು ದೇಶ: ಫ್ರಾನ್ಸು, ಬೆಲ್ಜಿಯಮ್, ಜರ್ಮನಿ, ಆಸ್ಟ್ರಿಯ, ಲಿಕ್ಟನ್‌ಸ್ಟೈನ್, ಸ್ವಿಟ್ಜರ್ಲೆಂಡು, ಇಟಲಿ. ದಾರಿಯಲ್ಲಿ ಒಂಬತ್ತು ಘಟ್ಟಗಳು. ನಡುವೆ ಜರ್ಮನಿಯ ನ್ಯೂರ್ಬರ್ಗ್‌ರಿಂಗಿನಲ್ಲಿ ಒಂದು ಸುತ್ತು. 1927ರಲ್ಲಿ ತೆರೆದ ಆ ಪಂದ್ಯದ ಹಾದಿಯ ಉತ್ತರದ ಸುತ್ತು 20.8 ಕಿಲೋಮೀಟರು, ಗೊತ್ತಾದ ದಿನಗಳಲ್ಲಿ ಯಾರು ಬೇಕಾದರೂ ಹಣ ತೆತ್ತು ಓಡಿಸಬಹುದು. ಬಲಗಡೆಯ ಆಸನ ನಮ್ಮದು, ಎಡಗಡೆಯದು ಮನೆಯವರದು. ಗಾಳಿಗೆ ಕಟ್ಟಿಕೊಳ್ಳಲೆಂದು ಅವರೊಂದು ರೇಷ್ಮೆಯ ತಲೆವಸ್ತ್ರವನ್ನೂ ಕೊಂಡಿದ್ದರು.

ಒಂದು ಸಂಜೆ ತೀರ್ಥರೂಪರು ಆ ನಕ್ಷೆಯನ್ನು ಕೇಳಿ ತರಿಸಿಕೊಂಡರು. ಅವರು ಮೂವತ್ತೊಂದು ವರ್ಷ ಆಗುಂಬೆಯ ಘಟ್ಟದಲ್ಲಿ ಖಾಸಗಿ ಬಸ್ಸನ್ನು ಓಡಿಸಿದವರು. ಹದಿನಾಲ್ಕು ಹಿಮ್ಮುರಿ ತಿರುವುಗಳು, ವರ್ಷದಲ್ಲಿ ನಾಲ್ಕು ತಿಂಗಳು ಬಿಡದ ಮಳೆ, ಮಂಜು ಇಳಿದರೆ ಮುಂದಿನ ಗಾಜಿನಾಚೆ ಏನೂ ಕಾಣದು. ಕನ್ನಡಕವನ್ನು ಏರಿಸಿ ಎರಡು ಸಲ ಓದಿ, ಮೊದಲು ನ್ಯೂರ್ಬರ್ಗ್‌ರಿಂಗಿನ ಮೇಲೆ ಬೆರಳಿಟ್ಟರು.

"ಇದು ಎಲ್ಲಿಗೆ ಹೋಗುತ್ತದೆ?"

"ಎಲ್ಲಿಗೂ ಇಲ್ಲ ಅಪ್ಪಯ್ಯ, ಸುತ್ತಿ ಹೊರಟಲ್ಲಿಗೇ ಬರುತ್ತದೆ."

"ಹಾಗಾದರೆ ಹೋಗುವುದೇತಕ್ಕೆ?"

ನಮ್ಮಲ್ಲಿ ಉತ್ತರವಿರಲಿಲ್ಲ. ನಮ್ಮ ಬಂಡಿಯ ವಿಮೆ ಆ ಸುತ್ತಿಗೆ ಅನ್ವಯಿಸದೆಂದು ಆಮೇಲೆ ಪತ್ರವನ್ನು ಓದಿ ತಿಳಿದೆವು. ಅದನ್ನು ಹೊಡೆದುಹಾಕಿದೆವು.

ಅನಂತರ ಘಟ್ಟಗಳ ಸರದಿ ಬಂದಿತು. ದಿನಕ್ಕೆ ಎರಡು ಮೂರರಂತೆ ಪೋಣಿಸಿದ್ದನ್ನು ಕಂಡು ಅವರು ಸಿಟ್ಟಾಗಲಿಲ್ಲ, ಪಾಠ ಹೇಳುವವರಂತೆ ಹೇಳಿದರು: "ಏರುವುದಕ್ಕೆ ಎಂಜಿನು ಸಾಕು, ಇಳಿಯುವುದಕ್ಕೆ ಮನುಷ್ಯ ಬೇಕು. ಯಾವ ಗೇರಿನಲ್ಲಿ ಏರುತ್ತೀಯೋ ಅದರಲ್ಲೇ ಇಳಿ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ಏರಿ ಬರುವವನಿಗೆ ದಾರಿ ಬಿಡು. ದಣಿದ ಕಣ್ಣಿನಲ್ಲಿ ಎರಡನೆಯ ಘಟ್ಟಕ್ಕೆ ಕೈ ಹಾಕಬೇಡ." ದಿನಕ್ಕೊಂದೇ ಘಟ್ಟವೆಂಬ ಶಾಸನ ಅಲ್ಲಿಗೆ ಹುಟ್ಟಿತು. ಒಂಬತ್ತು ನಾಲ್ಕಾದುವು; ಏಳು ದೇಶ ಮೂರಾದುವು.

ಸ್ವಿಟ್ಜರ್ಲೆಂಡಿನ ಘಟ್ಟಗಳ ವಿಷಯವನ್ನು ಓದಿ ಹೇಳುತ್ತಿದ್ದಾಗ ಒಂದು ಸಂಗತಿ ಅವರಿಗೆ ಬಹಳ ಹಿಡಿಸಿತು. ಅಲ್ಲಿ ಅಂಚೆಯ ಹಳದಿ ಬಸ್ಸುಗಳು ಬೆಟ್ಟದ ದಾರಿಗಳಲ್ಲಿ ಓಡುತ್ತವೆ. ಹಳದಿ ಕೊಂಬಿನ ಗುರುತುಳ್ಳ ನೀಲಿ ಫಲಕವಿರುವ ದಾರಿಯಲ್ಲಿ ಆ ಬಸ್ಸಿಗೇ ಮೊದಲ ಹಕ್ಕು. ಇಕ್ಕಟ್ಟಿನಲ್ಲಿ ಅದರ ಚಾಲಕನು ಹಿಂದೆ ಸರಿಯೆಂದರೆ ಸರಿಯಬೇಕು, ನಿಲ್ಲೆಂದರೆ ನಿಲ್ಲಬೇಕು. ತಿರುವಿನಲ್ಲಿ ಅದು ಊದುವ ಮೂರು ಸ್ವರದ ಹಾರ್ನು ರೊಸ್ಸಿನಿಯ ವಿಲಿಯಮ್ ಟೆಲ್ ಸಂಗೀತ ನಾಟಕದ ಪೀಠಿಕೆಯಿಂದ ಆಯ್ದದ್ದು. "ಎಂಥ ಕಾರಿನವನಿದ್ದರೂ?" ಎಂದು ಕೇಳಿದರು. "ಎಂಥವನಿದ್ದರೂ" ಎಂದೆವು. ಅವರು ಬಹಳ ಹೊತ್ತು ಕಿಟಕಿಯ ಕಡೆ ನೋಡುತ್ತ ಕುಳಿತರು.

ಇಲ್ಲಿ ನಮ್ಮದೊಂದು ಹಳೆಯ ತಪ್ಪನ್ನು ಹೇಳಬೇಕಾಗಿದೆ. ನಾವು ಕಾಲೇಜಿನಲ್ಲಿ ಓದುತ್ತಿದ್ದಾಗ, ತಂದೆ ಏನು ಮಾಡುತ್ತಾರೆಂದು ಕೇಳಿದವರಿಗೆ ಸಾರಿಗೆಯ ಕಚೇರಿಯಲ್ಲಿದ್ದಾರೆಂದು ಹೇಳುತ್ತಿದ್ದೆವು. ಒಂದು ಮಧ್ಯಾಹ್ನ ಅವರು ಖಾಕಿ ಅಂಗಿಯಲ್ಲಿಯೇ, ಅಮ್ಮ ಕಟ್ಟಿಕೊಟ್ಟ ಹಲಸಿನ ಹಪ್ಪಳದ ಡಬ್ಬಿಯೊಡನೆ, ವಿದ್ಯಾರ್ಥಿನಿಲಯದ ಬಾಗಿಲಿಗೆ ಬಂದರು. ಯಾರೆಂದು ಗೆಳೆಯನೊಬ್ಬ ಕೇಳಿದನು. "ಊರಿನವರು" ಎಂದೆವು. ಅವರು ಐದಾರು ಮಾರು ದೂರದಲ್ಲಿದ್ದರು. ಕೇಳಿಸಿತೋ ಇಲ್ಲವೋ ಇಂದಿಗೂ ತಿಳಿಯದು. ಬಸ್ಸಿಗೆ ಹೊತ್ತಾಯಿತೆಂದು ಕಾಫಿಯನ್ನೂ ಕುಡಿಯದೆ ಹೊರಟುಹೋದರು.

ಆ ರಾತ್ರಿ ಮನೆಯವರು ಅಡಿಗೆಮನೆಯಲ್ಲಿ ಮೆಲ್ಲನೆ, "ಎಡಗಡೆಗೆ ಮಾವಯ್ಯನವರನ್ನು ಕೂರಿಸಿ" ಎಂದರು.

"ಮತ್ತೆ ನೀನು?"

"ನಾನು ಎಂದು ಬೇಕಾದರೂ ಕೂತೇನು. ಅವರು ಬರುವ ವರ್ಷ ಇಷ್ಟು ದೂರ ಬರುವ ಸ್ಥಿತಿಯಲ್ಲಿರುತ್ತಾರೆಯೇ?"

ತಲೆವಸ್ತ್ರವನ್ನು ಅವರು ಆಗಲೇ ಮಡಿಸಿ ಇಟ್ಟಿದ್ದರು. ಮೂವರೂ ರೈಲಿನಲ್ಲಿ ಪ್ಯಾರಿಸಿಗೆ ಹೋಗಬೇಕೆಂಬ ಹಿಂದಿನ ಆಲೋಚನೆಯಿಂದ ತೀರ್ಥರೂಪರು ಬೆಂಗಳೂರಿನಲ್ಲಿಯೇ ಷೆಂಗೆನ್ ವೀಸಾ ಪಡೆದು ಬಂದಿದ್ದುದು ಈಗ ಅನುಕೂಲಕ್ಕೆ ಬಂದಿತು. ವೈದ್ಯರನ್ನು ಕೇಳಿದೆವು: ರಕ್ತದೊತ್ತಡ ಹತೋಟಿಯಲ್ಲಿದೆ, ಎತ್ತರದಲ್ಲಿ ಹೆಚ್ಚು ಹೊತ್ತು ನಿಲ್ಲಬೇಡಿ, ರಾತ್ರಿ ತಗ್ಗಿನಲ್ಲಿ ಮಲಗಿಸಿರಿ ಎಂದರು.

ಆದರೆ ತೀರ್ಥರೂಪರೇ ಒಪ್ಪಲಿಲ್ಲ. "ಸೊಸೆಯ ಜಾಗದಲ್ಲಿ ನಾನು ಕೂತು ಮೆರೆಯುವುದೇ? ಬೇಡ." ಸುಮ್ಮನೆ ಕುಳಿತು ಹೋಗುವುದು ತನಗೆ ಹೇಳಿದ ಕೆಲಸವಲ್ಲವೆಂಬುದೂ ಅದರೊಳಗೆ ಇದ್ದಿತು. ಅವರನ್ನು ಒಪ್ಪಿಸಿದ್ದು ನಮ್ಮ ಮಾತಲ್ಲ, ದಾರಿಯ ಕಟ್ಟಳೆ. ಇಂಗ್ಲೆಂಡಿನ ಬಂಡಿಗೆ ಚಕ್ರ ಬಲಗಡೆ; ಯೂರೋಪಿನ ಒಳನಾಡಿನಲ್ಲಿ ಓಡಿಸುವುದೂ ಬಲಗಡೆ. ಹೀಗಾಗಿ ಓಡಿಸುವವನು ದಾರಿಯ ಅಂಚಿಗೆ ಬೀಳುತ್ತಾನೆ. ಎಡಗಡೆ ಕೂತವರು ದಾರಿಯ ನಡುವಿಗೆ ಇರುತ್ತಾರೆ. ಮುಂದೆ ಲಾರಿಯಿದ್ದರೆ, ಅದರಾಚೆಯಿಂದ ಎದುರು ಬರುವ ವಾಹನವು ಎಡಗಡೆಯವರಿಗೇ ಮೊದಲು ಕಾಣುತ್ತದೆ. ಫ್ರಾನ್ಸಿನ ಹೆದ್ದಾರಿಯಲ್ಲಿ ಸುಂಕದ ಕಟ್ಟೆಯೂ ಎಡಗಡೆ. ಚೀಟಿ ತೆಗೆದುಕೊಳ್ಳುವುದು, ಹಣ ತೆರುವುದು ಅವರ ಕೈಯಿಂದಲೇ ಆಗಬೇಕು. ಮೇಜಿನ ಮೇಲೆ ಎರಡು ಬೆಂಕಿಪೊಟ್ಟಣಗಳನ್ನಿಟ್ಟು ಇದನ್ನೆಲ್ಲ ತೋರಿಸಿದೆವು. ಅವರು ಪೊಟ್ಟಣಗಳನ್ನು ತಾವೇ ಹಿಂದೆ ಮುಂದೆ ಸರಿಸಿ ನೋಡಿ, "ಹಾಗಾದರೆ ಆ ಜಾಗದಲ್ಲಿ ತಿಳಿದವರೇ ಇರಬೇಕು" ಎಂದರು.

ಇನ್ನುಳಿದುದು ಮನೆಯವರ ವಿಷಯ. ಅದನ್ನು ಬಿಡಿಸಿದವಳು ಮಗಳು. ಅಮ್ಮನೂ ತಾನೂ ವಿಮಾನದಲ್ಲಿ ಜೂರಿಕ್ ಸೇರಿ, ಅಲ್ಲಿಂದ ರೈಲಿನಲ್ಲಿ ಬರ್ನಿನಾ ಬೆಟ್ಟವನ್ನು ದಾಟಿ ಇಟಲಿಯ ತಿರಾನೊ ಪಟ್ಟಣಕ್ಕೆ ಬರುವುದು. 1910ರಲ್ಲಿ ಪೂರ್ಣಗೊಂಡ ಆ ರೈಲು 2253 ಮೀಟರಿನ ಎತ್ತರವನ್ನು ಹಲ್ಲುಕಂಬಿಯ ನೆರವಿಲ್ಲದೆ ಏರುತ್ತದೆ. 2008ರಲ್ಲಿ ಯುನೆಸ್ಕೋ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ತಿರಾನೊದಲ್ಲಿ ಆಸನಗಳ ಅದಲುಬದಲು. ಅಜ್ಜನೂ ಮೊಮ್ಮಗಳೂ ಅದೇ ರೈಲಿನಲ್ಲಿ ಮರಳುವರು. ಮನೆಯವರು ತಲೆವಸ್ತ್ರ ಕಟ್ಟಿಕೊಂಡು ಕೋಮೋ ಸರೋವರದ ದಂಡೆಯಿಂದ ನಮ್ಮೊಡನೆ ಹಿಂದಿರುಗುವರು. ಗೊಟ್‌ಹಾರ್ಡಿನ ಹಳೆಯ ದಾರಿಯಾದ ಟ್ರೆಮೋಲಾ ಅವರ ಪಾಲಿನ ಘಟ್ಟ: ಕಲ್ಲು ಹಾಸಿದ 24 ತಿರುವುಗಳು. ಅದು ಬೇಕೆಂದು ಅವರೇ ಆರಿಸಿಕೊಂಡರು.

ಹೊರಡುವುದು ಸೆಪ್ಟೆಂಬರಿನ ಮೊದಲ ವಾರದ ಬಳಿಕ. ರಜೆಯ ನೂಕುನುಗ್ಗಲು ಇಳಿದಿರುತ್ತದೆ, ಹಿಮವಿನ್ನೂ ದಾರಿಗಳನ್ನು ಮುಚ್ಚಿರುವುದಿಲ್ಲ. ಫೋಕ್‌ಸ್ಟನ್ನಿನಲ್ಲಿ ಬಂಡಿಯನ್ನು ರೈಲಿಗೆ ಹತ್ತಿಸಿದರೆ, 1994ರಲ್ಲಿ ತೆರೆದ ಸುರಂಗದೊಳಗೆ 35 ನಿಮಿಷಗಳಲ್ಲಿ ಕಡಲ ಕೆಳಗಿಂದ ಫ್ರಾನ್ಸು. ಹಗುರವಾದ ಎರಡು ಬಟ್ಟೆಯ ಚೀಲ ಆಸನದ ಹಿಂದೆ. ಫ್ರಾನ್ಸಿಗಾಗಿ ಹೊಳೆಯುವ ಅಂಗಿಗಳು ಮತ್ತು ಎಚ್ಚರಿಕೆಯ ತ್ರಿಕೋನ. ದೀಪದ ಬೆಳಕು ಎದುರಿನವರ ಕಣ್ಣಿಗೆ ಹೊಡೆಯದಂತೆ ತಿದ್ದುವ ಏರ್ಪಾಡು. ಹಿಂಭಾಗದಲ್ಲಿ, 2021ರಿಂದ ಜಿಬಿಗೆ ಬದಲಾಗಿ ಬಂದಿರುವ ಯುಕೆ ಅಕ್ಷರಗಳು. ಸ್ವಿಟ್ಜರ್ಲೆಂಡಿನ ಹೆದ್ದಾರಿಗೆ ವರ್ಷದ 40 ಫ್ರಾಂಕಿನ ಪರವಾನಗಿ. ರೀಮ್ಸ್, ಕೊಲ್ಮಾರ್, ಲುಜರ್ನ್, ಬಳಿಕ ಓಬರಾಲ್ಪ್ ಘಟ್ಟವನ್ನು ದಾಟಿ ಖೂರ್. ಖೂರಿನಲ್ಲಿ ಒಂದು ದಿನ ವಿಶ್ರಾಂತಿ. ಫ್ಲ್ಯುಯೆಲಾಕ್ಕೆ ಒಂದು ದಿನ, ಓಫೆನ್ ಘಟ್ಟಕ್ಕೆ ಒಂದು ದಿನ. ಕೊನೆಯದು ಸ್ಟೆಲ್ವಿಯೋ.

ಸ್ಟೆಲ್ವಿಯೋಗಾಗಿಯೇ ನಾವು ಈ ಬಂಡಿಯನ್ನು ಬಯಸಿದ್ದು. 2757 ಮೀಟರಿನ ಎತ್ತರ. ಪ್ರಾತೋ ಊರಿನ ಕಡೆಯಿಂದ 48 ತಿರುವುಗಳು, ಒಂದೊಂದಕ್ಕೂ ಅಂಕೆಯ ಗುರುತು. ಆಸ್ಟ್ರಿಯದ ಚಕ್ರವರ್ತಿ ಲೊಂಬಾರ್ಡಿಯನ್ನು ಆಳುತ್ತಿದ್ದಾಗ, 1820ರಿಂದ 1825ರ ವರೆಗೆ, ಕಾರ್ಲೋ ದೊನೆಗಾನಿ ಎಂಬ ಎಂಜಿನಿಯರು ಕಟ್ಟಿಸಿದ ದಾರಿ. ಕುದುರೆಗಳಿಗಾಗಿ ಅಳೆದ ತಿರುವುಗಳಾದುದರಿಂದ ಬಸ್ಸುಗಳು ಇಂದಿಗೂ ದಾರಿಯ ಅಗಲವನ್ನೆಲ್ಲ ಬಳಸಿಯೇ ಹೊರಳಬೇಕು. ಅದರ ಚಿತ್ರವನ್ನು ತೀರ್ಥರೂಪರ ಮುಂದಿಟ್ಟೆವು. ಅವರು ಬೆರಳಿನಿಂದ ಒಂದೊಂದೇ ತಿರುವನ್ನು ಕೆಳಗಿನಿಂದ ಮೇಲಕ್ಕೆ ಎಣಿಸಿ, "ನಮ್ಮದಕ್ಕೆ ಮೂರೂವರೆ ಪಾಲು" ಎಂದರು, "ಮಳೆ ಬಂದರೆ ಏರುವುದು ಬೇಡ, ಕೆಳಗೆ ಉಳಿಯೋಣ."

ಮೊನ್ನೆ ಭಾನುವಾರ ಅವರು ಮೊಮ್ಮಗಳಿಂದ ಗೆರೆ ಹಾಕಿದ ಹಾಳೆಗಳನ್ನು ಕೇಳಿ ಪಡೆದು, ಅಡ್ಡಪಟ್ಟಿಯಿಟ್ಟು ಮನೆಗಳನ್ನು ಎಳೆದು, ಇಡೀ ಯಾತ್ರೆಯನ್ನು ತಮ್ಮ ದುಂಡನೆಯ ಅಕ್ಷರದಲ್ಲಿ ಬರೆದು ಮುಗಿಸಿದರು. ಬಸ್ಸಿನ ಟ್ರಿಪ್ ಶೀಟಿನದೇ ಮಾದರಿ: ಹೊರಡುವ ಹೊತ್ತು, ತಲುಪುವ ಹೊತ್ತು, ಚಹಾಕ್ಕೆ ನಿಲುಗಡೆ, ಪೆಟ್ರೋಲು, ರಾತ್ರಿಯ ತಂಗು. ನಮ್ಮ ಗಣಕಯಂತ್ರದ ನಕ್ಷೆ ಮೂಲೆಗೆ ಬಿದ್ದಿದೆ. ಈ ಹಾಳೆಯನ್ನೇ ಅಡಿಗೆಮನೆಯ ಗೋಡೆಗೆ ಅಂಟಿಸಿದ್ದೇವೆ. ಅದರ ನೆತ್ತಿಯಲ್ಲಿ ಎರಡು ಮನೆಗಳಿವೆ. ಚಾಲಕರು ಎಂಬಲ್ಲಿ ನಮ್ಮ ಹೆಸರನ್ನು ಬರೆದಿದ್ದಾರೆ. ನಿರ್ವಾಹಕರು ಎಂಬಲ್ಲಿ ತಮ್ಮದನ್ನು ಬರೆದು, ರುಜು ಹಾಕಿದ್ದಾರೆ.