ಡಬ್ಬಿ ಹಾಲಿನ ಮಗಳು

ಮೊನ್ನೆ ಭಾನುವಾರ ಪುಣೆಯಿಂದ ಮಗಳ ಫೋನು. ಬಸುರಿ, ಅವಳಿಗೀಗ ಐದು ತಿಂಗಳು. "ಖರೆ ಹೇಳವ್ವಾ, ನಾ ನಿನಗ ಬ್ಯಾಡಾಗಿದ್ನೇನು? ಅದಕ್ಕ ಡಬ್ಬಿ ಹಾಲು ಹಾಕಿದ್ಯಂತ, ಅಜ್ಜಿ ಅಂತಿದ್ರು" ಅಂದಳು. ಅವಳು ನಗುತ್ತಲೇ ಕೇಳಿದ್ದು. ನನಗೆ ಮಾತ್ರ ನಗು ಬರಲಿಲ್ಲ.

ಮಗ ಹುಟ್ಟಿದ್ದು 1994ರಲ್ಲಿ, ಬೇಕು ಅಂತಲೇ ಆದವನು. ಮೊದಲೇ ರಜೆ ಕೂಡಿಟ್ಟಿದ್ದೆ. ಧಾರವಾಡದಲ್ಲಿ ಬಾಣಂತನ, ಅವ್ವನ ಕೈಯ ಅಂಟಿನುಂಡಿ. ಆರು ತಿಂಗಳು ಮೊಲೆಹಾಲು ಬಿಟ್ಟು ಬೇರೇನೂ ಕೊಡಲಿಲ್ಲ.

1998ರಲ್ಲಿ ಮಗಳು ಬಂದಳು. ಲೆಕ್ಕದಲ್ಲಿ ಇರಲಿಲ್ಲ. ಡೊಂಬಿವಲಿ ಮನೆಯ ಸಾಲ ಆಗಷ್ಟೇ ಶುರುವಾಗಿತ್ತು, ಅವ್ವ ಹಾಸಿಗೆ ಹಿಡಿದಿದ್ದಳು, ರಜೆಯೆಲ್ಲ ಮಗನ ಜ್ವರಕ್ಕೆ ಖರ್ಚಾಗಿತ್ತು. ಆಗ ಇದ್ದ ಸಣ್ಣ ಬ್ಯಾಂಕಿನಲ್ಲಿ ಸಿಕ್ಕಿದ್ದು ಕಾನೂನಿನ 12 ವಾರ ಮಾತ್ರ. ಮುಗಿದ ಮಾರನೆಯ ದಿನವೇ ಲೋಕಲ್ ಹತ್ತಿದೆ. ಮಗುವಿಗೆ 15 ತಿಂಗಳಾಗುವ ತನಕ ಹಾಲೂಡಿಸಲು ದಿನಕ್ಕೆರಡು ಸಲ ಬಿಡುವು ಅಂತ ಕಾನೂನಿನಲ್ಲಿತ್ತು. ಆದರೆ ಮಗು ಡೊಂಬಿವಲಿಯಲ್ಲಿ, ನಾನು ಫೋರ್ಟಿನಲ್ಲಿ! ಮಧ್ಯಾಹ್ನ ಎದೆ ಬಿಗಿದು ನೋಯುವಾಗ ಬಾತ್‌ರೂಮಿನಲ್ಲಿ ಹಿಂಡಿ ಚೆಲ್ಲುತ್ತಿದ್ದೆ. ಕುಡಿಯುವ ಬಾಯಿ ದೂರವಾದರೆ ಹಾಲೂ ಕಡಿಮೆಯಾಗುತ್ತದೆ. ಕೆಲವೇ ವಾರಗಳಲ್ಲಿ ಬತ್ತಿತು. ಡಬ್ಬಿ ಹಾಲು ಕಲಸಿ ಕುಡಿಸಿ ಅವಳನ್ನು ಬೆಳೆಸಿದ್ದೂ ಅದೇ ಅತ್ತೆಯವರೇ.

ಬಯಸದೆ ಬಂದ ಬಸಿರಿನ ಮಕ್ಕಳಿಗೆ ಮೊಲೆಹಾಲು ಬೇಗ ತಪ್ಪುತ್ತದೆ ಎಂದು ಕೆಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ, ಎಲ್ಲದರಲ್ಲೂ ಅಲ್ಲ. ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರೂ ತಾಯಂದಿರನ್ನು ಕೇಳುತ್ತಾರೆ: ಈ ಬಸಿರು ಆಗಲೇ ಬೇಕಿತ್ತೇ, ಆಮೇಲೆ ಬೇಕಿತ್ತೇ, ಬೇಡವೇ ಆಗಿತ್ತೇ? ನನ್ನನ್ನು ಕೇಳಿದ್ದರೆ "ಆಮೇಲೆ" ಅನ್ನುತ್ತಿದ್ದೆ. ಗೊತ್ತಾದ ದಿನ ಅತ್ತಿದ್ದೂ ನಿಜ. ಆದರೆ ಇಬ್ಬರ ಖಾತೆ ತೆಗೆದು ನೋಡಿದರೆ ಮಗನ ಕಡೆ ಹೆಚ್ಚಿಗೆ ಇರುವುದು ತಯಾರಿ ಒಂದೇ. ರಜೆ, ಅವ್ವ, ಕೈಯಲ್ಲಿ ನಾಲ್ಕು ಕಾಸು. ಪ್ರೀತಿಯ ಬಾಕಿ ಎರಡರಲ್ಲೂ ಸಮವೇ.

ಇದನ್ನೆಲ್ಲ ಮುಚ್ಚಿಡದೆ ಹೇಳಿದೆ, ಅತ್ತಿದ್ದನ್ನೂ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮೆಲ್ಲಗೆ, "ಇದೂ ಲೆಕ್ಕದಾಗ ಇರ್ಲಿಲ್ಲವ್ವಾ" ಅಂದಳು.

ಅವಳು ಕೇಳಬೇಕಾಗಿದ್ದು ಇದನ್ನೇ ಅಂತ ಆಗ ತಿಳಿಯಿತು.

2017ರ ತಿದ್ದುಪಡಿಯಿಂದ ಮೊದಲೆರಡು ಹೆರಿಗೆಗೆ 26 ವಾರ ರಜೆ ಇದೆ. "ಅಷ್ಟು ನಿನ್ನ ಆಫೀಸಿಂದು, ಉಳಿದ ತಯಾರಿ ನಂದು. ನಾನೂ ರಜಾ ಹಾಕಿ ಬರ್ತೀನಿ. ಹಾಲು ಸಾಲದಿದ್ರ ಡಾಕ್ಟರನ್ನ ಕೇಳಿ ಡಬ್ಬಿ ತರೋಣಂತ. ಅಳಬ್ಯಾಡ" ಅಂದೆ.

ಈ ವಾರವೇ ಅಂಟು, ಕೊಬ್ಬರಿ ಪಟ್ಟಿ ಬರೆದಿಟ್ಟಿದ್ದೇನೆ.