ಹೆಸರು ಕೊರೆಸಿದ ಲೋಟ

ನಮ್ಮನೆಯಲ್ಲಿ ಒಂದು ಸ್ಟೀಲ್ ಲೋಟವಿದೆ. ಮೇಲೆ ತೆಲುಗಿನಲ್ಲಿ ‘ವಿಜಯವಾಡ 1888–1988’ ಎಂದು ಕೊರೆದಿದೆ. ರೈಲ್ವೆ ಕೆಲಸದಲ್ಲಿ ಅಲ್ಲಿದ್ದ ಚಿಕ್ಕಪ್ಪ, ಆ ಊರಿನ ಮುನಿಸಿಪಾಲಿಟಿಗೆ ನೂರು ತುಂಬಿದ ವರ್ಷ, ಪಾತ್ರೆ ಅಂಗಡಿಯಲ್ಲಿ ಕೊಂಡು ಅಲ್ಲೇ ಕೊರೆಸಿ ತಂದದ್ದು. ಲಿಪಿ ತೆಲುಗಾದರೇನು, ಅಜ್ಜಿ ಸರಾಗವಾಗಿ ಓದಿದರು. ಓದಿ, “ಅಲ್ಲವೋ, ಕನಕದುರ್ಗಮ್ಮನ ಊರಿಗೆ ನೂರೇ ವರ್ಷವೇನೋ?” ಅಂದರು.

“ಊರಿಗಲ್ಲಮ್ಮ, ನಲ್ಲಿ, ಚರಂಡಿ, ಕಂದಾಯಕ್ಕೆ!”

ಶತಮಾನೋತ್ಸವದ ಸ್ಮರಣ ಸಂಚಿಕೆ ಯಾವುದೇ ಕೈಗೆ ಬಂದರೂ ನನಗೆ ಈ ಮಾತು ನೆನಪಾಗುತ್ತೆ. ಮಂತ್ರಿಗಳ ಸಂದೇಶ, ಹಾರ ಹಾಕಿಕೊಂಡವರ ಫೋಟೋ ಎಲ್ಲ ದಾಟಿ ನಾನು ಮೊದಲು ಓದೋದು ಜಾಹೀರಾತುಗಳನ್ನ. ಊರಲ್ಲಿ ಯಾರು ಏನು ಮಾರುತ್ತಿದ್ದರು ಅನ್ನೋದು ಅಲ್ಲೇ ಸಿಗೋದು.

2026ಕ್ಕೆ ಆಂಧ್ರ ವಿಶ್ವವಿದ್ಯಾಲಯಕ್ಕೂ ನೂರು. ಎಲ್ಲರೂ ಅದನ್ನು ವಿಶಾಖಪಟ್ಟಣದ್ದು ಅಂತಾರೆ. 1926ರಲ್ಲಿ ಅದು ಶುರುವಾದದ್ದು ಬೆಜವಾಡದಲ್ಲಿ, ಅಂದರೆ ಇದೇ ವಿಜಯವಾಡದಲ್ಲಿ. ವಾಲ್ತೇರಿಗೆ ಹೋದದ್ದು 1930ರಲ್ಲಿ. (ನಮ್ಮ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ್ದ ರಾಧಾಕೃಷ್ಣನ್ 1931ರಿಂದ 1936ರವರೆಗೆ ಅಲ್ಲಿ ಕುಲಪತಿಗಳು.) ಸಂಚಿಕೆ ತರೋರು ಬೆಜವಾಡದ ಆ ನಾಲ್ಕು ವರ್ಷಕ್ಕೆ ಎರಡು ಪುಟವಾದರೂ ಕೊಡಬೇಕು.

“ಯಾರ ಹೆಸರು ಕೊರೀಲಿ?” ಅಂತ ಅಂಗಡಿಯವನು ಕೇಳಿದಾಗ ಚಿಕ್ಕಪ್ಪ ತಮ್ಮ ಹೆಸರು ಹೇಳಲಿಲ್ಲವಂತೆ. ಇಪ್ಪತ್ತೆರಡು ವರ್ಷ ಬಾಡಿಗೆ ಮನೆಯಲ್ಲಿದ್ದವರು. ಆ ಊರಿನ ಯಾವ ಸಂಚಿಕೆಯಲ್ಲೂ ಅವರ ಹೆಸರು ಇರಲಾರದು.

ಅವರು ಹೋದಮೇಲೂ ಅಮ್ಮ ಲೋಟವನ್ನು ಶೋಕೇಸಿಗೆ ಏರಿಸಲಿಲ್ಲ. ದಿನಾ ನನಗೆ ಕಾಫಿ ಅದರಲ್ಲೇ. ತಿಕ್ಕಿ ತಿಕ್ಕಿ ಮೊದಲ ಇಸವಿ ಮಾಸಿದೆ. ಎರಡನೆಯದು ಬೆರಳಿಗೆ ಇನ್ನೂ ತಾಗುತ್ತೆ.