ಕೊನೆಯ ಎರಡಂಕಿ

ತಿಂಗಳ 1 ಮತ್ತು 16ನೇ ತಾರೀಕಿನ ಮಧ್ಯಾಹ್ನ ಬ್ಯಾಂಕಾಕಿನಲ್ಲಿ ಯಾರಿಗೂ ಕೆಲಸ ಹೇಳಬಾರದು. ಅಂಗಡಿಯ ಟಿ.ವಿ., ಟ್ಯಾಕ್ಸಿಯ ರೇಡಿಯೊ, ವಾಚ್‌ಮನ್ನನ ಫೋನು ಎಲ್ಲದರಲ್ಲೂ ಸರ್ಕಾರಿ ಲಾಟರಿಯ ಡ್ರಾ. ಟಿಕೆಟ್ಟಿಗೆ 80 ಬಾತ್, ಆರು ಅಂಕಿ, ಮೊದಲ ಬಹುಮಾನ 60 ಲಕ್ಷ ಬಾತ್. ಕುತ್ತಿಗೆಗೆ ಮರದ ಪೆಟ್ಟಿಗೆ ತೂಗುಹಾಕಿಕೊಂಡು ಮಾರುವವರಲ್ಲಿ ಕಣ್ಣು ಕಾಣದವರು, ನಡೆಯಲಾರದವರು ಅನೇಕರು. 2022ರಿಂದ ಮೊಬೈಲ್ ಆ್ಯಪಿನಲ್ಲೂ ಸರಿಯಾಗಿ 80ಕ್ಕೇ ಸಿಗುತ್ತದೆ, ಬೀದಿಯಲ್ಲಿ ನೂರು ಕೇಳುವುದೂ ಉಂಟು. ಆದರೂ ಜನ ಪೆಟ್ಟಿಗೆಯ ಮುಂದೆ ಬಗ್ಗಿ ಒಂದೊಂದೇ ಟಿಕೆಟ್ ನೋಡುತ್ತಾರೆ.

ಹೊರಗಿನವರಿಗೆ ಕಾಣುವುದು 60 ಲಕ್ಷ. ಆಡುವವರ ಕಣ್ಣಿರುವುದು ಕೊನೆಯ ಎರಡಂಕಿಯ ಮೇಲೆ. ಅದಕ್ಕೆ ಬೇರೆಯೇ ಡ್ರಾ, 2,000 ಬಾತ್ ಬಹುಮಾನ. ಹತ್ತು ಲಕ್ಷ ಟಿಕೆಟ್ ಮಾರಿದರೆ 4 ಕೋಟಿ 80 ಲಕ್ಷ ಬಾತ್ ಬಹುಮಾನಕ್ಕೆ ಹೋಗುತ್ತದೆ, ಅದರಲ್ಲಿ 2 ಕೋಟಿ ಈ ಎರಡಂಕಿಯವರಿಗೆ. ನೂರಕ್ಕೆ ಒಂದು ಟಿಕೆಟ್ಟಿಗೆ ಹೊಡೆಯುತ್ತದೆ. ಹಾಗಾಗಿ ಪ್ರತಿ ಗಲ್ಲಿಯಲ್ಲೂ ಹೋದ ಸಲ ಗೆದ್ದವರೊಬ್ಬರು ಇದ್ದೇ ಇರುತ್ತಾರೆ. ನನ್ನ ಪ್ರಕಾರ ಈ ಲಾಟರಿಯನ್ನು ನಡೆಸುತ್ತಿರುವುದು ಸರ್ಕಾರವಲ್ಲ, ಆ ಒಬ್ಬರು. ಇದೇ ಅಂಕಿಗಳ ಮೇಲೆ ಕಾನೂನಿನ ಕಣ್ಣು ತಪ್ಪಿಸಿ ನಡೆಯುವ ಜೂಜೂ ಇದೆ. ಅಲ್ಲಿ ಕೈಯಲ್ಲಿದ್ದಷ್ಟು ಕಟ್ಟಬಹುದು, ಸಾಲವೂ ಸಿಗುತ್ತದೆ. ನಮ್ಮ ಕಡೆ ಓಸಿ ಬರೆಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಥಾಯ್ ಭಾಷೆಯಲ್ಲಿ ಅಂಕಿಗೆ ‘ಲೇಕ್’ ಅನ್ನುತ್ತಾರೆ. ನಮ್ಮ ‘ಲೆಕ್ಕ’ದ ಬೇರೇ ಅದಕ್ಕೂ. ಆದರೆ ಈ ಲೇಕ್ ಲೆಕ್ಕದಿಂದ ಸಿಗುವುದಲ್ಲ. ಪ್ರಧಾನಿ ಬಂದಿಳಿದ ಕಾರಿನ ನಂಬರ್ ಪ್ಲೇಟು, ಕನಸಿನಲ್ಲಿ ಕಂಡ ಹಾವು, ಅಪಘಾತವಾದ ಬಸ್ಸು, ಎಲ್ಲವೂ ಅಂಕಿ ಹೇಳುತ್ತವೆ. ನಾನಿರುವ ಓನ್ ನುತ್ ಬಡಾವಣೆಯ ವಾಟ್ ಮಹಾಬುತ್ ದೇವಾಲಯದಲ್ಲಿ ಮೇ ನಾಕ್‌ಳ ಗುಡಿಯಿದೆ. ಗಂಡ ಯುದ್ಧಕ್ಕೆ ಹೋಗಿದ್ದಾಗ ಹೆರಿಗೆಯಲ್ಲಿ ಸತ್ತು, ದೆವ್ವವಾಗಿ ಅವನಿಗಾಗಿ ಕಾದವಳು. ಅವಳಿಗೆ ಉಡುಪು, ಮಗುವಿಗೆ ಆಟಿಕೆ ತಂದಿಡುತ್ತಾರೆ. ಪಕ್ಕದ ಮರದ ತೊಗಟೆಯನ್ನು ಬೆರಳಲ್ಲಿ ಉಜ್ಜುತ್ತ, ಅಲ್ಲಿ ಮೂಡಬಹುದಾದ ಅಂಕಿಯನ್ನು ಹುಡುಕುತ್ತಾರೆ. ಸತ್ತವರಿಗೆ ಮುಂದಿನದು ಗೊತ್ತಿರುತ್ತದೆ ಎಂಬ ನಂಬಿಕೆ.

ನಮ್ಮ ಗಲ್ಲಿಯ ಬಾಯಲ್ಲಿ ಪರಂಗಿಕಾಯಿ ಕುಟ್ಟಿ ಸೋಮ್ ತಮ್ ಮಾಡಿಕೊಡುವ ಹೆಂಗಸನ್ನು ಎಲ್ಲರೂ ‘ಪಾ’ ಎನ್ನುತ್ತಾರೆ, ನಮ್ಮ ದೊಡ್ಡಮ್ಮ ಇದ್ದ ಹಾಗೆ. ಈಶಾನ್ಯದ ಈಸಾನ್ ಕಡೆಯವರು. ಮಗನ ಬೈಕಿನ ಕಂತು ಇವರೇ ಕಟ್ಟುವುದು. ಅಪ್ಪ ಹಾಸನದಲ್ಲಿ ತೀರಿಕೊಂಡು, ಕಾರ್ಯ ಮುಗಿಸಿ ವಾಪಸು ಬಂದಾಗ ಆಫೀಸಿನವರು ಹೂವಿನ ಚಿತ್ರದ ಕಾರ್ಡು ಕೊಟ್ಟರು, ತಗ್ಗಿದ ದನಿಯಲ್ಲಿ ಮಾತಾಡಿದರು. ಯಾರೂ ಏನೂ ಕೇಳಲಿಲ್ಲ.

ಪಾ ಕೇಳಿದರು. ‘ಎಷ್ಟು ವಯಸ್ಸಾಗಿತ್ತು ಮಗಾ?’

‘71.’

‘ಆಸ್ಪತ್ರೆಯಲ್ಲಾ? ಹಾಸಿಗೆ ನಂಬರ್ರು?’

‘14.’

‘ಎಷ್ಟು ಹೊತ್ತಿಗೆ?’

ಬೆಳಗಿನ ಜಾವ 4 ಗಂಟೆ 10 ನಿಮಿಷ. ಆರ್ಡರ್ ಬರೆದುಕೊಳ್ಳುವ ಚೀಟಿಯ ಹಿಂದೆ ಅವರು ಗುರುತು ಹಾಕಿಕೊಳ್ಳುತ್ತಿದ್ದುದು ಕಾಣುತ್ತಿತ್ತು. ಕಿವಿ ಬಿಸಿಯಾಯಿತು. ಆದರೆ ಬಾಯಿ ನಿಲ್ಲಲಿಲ್ಲ. 14ನೇ ಹಾಸಿಗೆ ಕಿಟಕಿಯ ಪಕ್ಕ ಇತ್ತು ಎಂದೆ. ಅಪ್ಪ ಕೊನೆಗೆ ಮೊಸರನ್ನ ಕೇಳಿದ್ದು, ಅಮ್ಮ ತರುವಷ್ಟರಲ್ಲಿ ನಿದ್ದೆ ಹೋಗಿದ್ದು, ನಾನು ಆಗ ಇಲ್ಲಿಯ ಏರ್‌ಪೋರ್ಟಿನ ಸರದಿಯಲ್ಲಿ ನಿಂತಿದ್ದದ್ದು, ಎಲ್ಲ ಹೇಳಿದೆ. ಹಾಸನದಲ್ಲಿ ಹನ್ನೊಂದು ದಿನ ಯಾರ ಹತ್ತಿರವೂ ಆಡದ ಮಾತು. ಪಾ ಒನಕೆ ಕೆಳಗಿಟ್ಟು ಕೇಳಿಸಿಕೊಂಡರು. ಪಾರ್ಸೆಲ್ಲಿಗೆ ಕಾಯುತ್ತಿದ್ದ ಇಬ್ಬರು ಸುಮ್ಮನೆ ನಿಂತಿದ್ದರು.

ಅಪ್ಪ ಜೀವಮಾನದಲ್ಲಿ ಒಂದು ಲಾಟರಿ ಟಿಕೆಟ್ ಕೊಂಡವರಲ್ಲ. 2007ರಲ್ಲಿ ಕರ್ನಾಟಕದಲ್ಲಿ ಲಾಟರಿ ನಿಷೇಧವಾದಾಗ ಪೇಪರು ಮಡಚಿಟ್ಟು ‘ಒಳ್ಳೇದಾಯ್ತು’ ಅಂದಿದ್ದರು. ಅಂಥವರ ವಯಸ್ಸಿನ ಮೇಲೆ ಆ ಸಲ ನಮ್ಮ ಗಲ್ಲಿಯ ಆರು ಜನ ದುಡ್ಡು ಹಾಕಿದರು, ನನ್ನನ್ನೂ ಸೇರಿಸಿ. 71ರಲ್ಲಿ ಮುಗಿಯುವ ಟಿಕೆಟ್ಟನ್ನು ಪಾ ನನಗೂ ಹುಡುಕಿ ತಂದಿದ್ದರು.

ಬರಲಿಲ್ಲ. 71ರ ಹತ್ತಿರದ್ದೂ ಬರಲಿಲ್ಲ. ಸಂಜೆ ಹೋದಾಗ ಪಾ ಮೆಣಸಿನಕಾಯಿ ಕುಟ್ಟುತ್ತಿದ್ದರು. ನನಗೇ ಸಂಕೋಚ. ಅವರಿಗೆ ಅಂಥದ್ದೇನೂ ಇರಲಿಲ್ಲ.

‘ಪಾಪ, ಅವರಿಗಿನ್ನೂ ಥಾಯ್ ಬರಲ್ಲ’ ಅಂದರು. ‘ನಾವು ಕೇಳಿದ್ದು ಗೊತ್ತಾಗಿರಲ್ಲ.’

ತಿಂಗಳುಗಟ್ಟಲೆ ನಗದವನು ಅಲ್ಲಿ ನಿಂತು ನಕ್ಕೆ.

ಮುಂದಿನ ವಾರ ಅಪ್ಪನ ವರ್ಷಾಬ್ದಿಕ. ಟಿಕೆಟ್ ಎತ್ತಿಟ್ಟಿದ್ದೇನೆ ಎಂದು ಪಾ ನಿನ್ನೆ ಹೇಳಿದರು. ಮತ್ತೆ 71ಾ ಎಂದು ಕೇಳಿದೆ.

‘72’ ಎಂದರು. ‘ಅವರಿಗೂ ಒಂದು ವರ್ಷ ಆಯ್ತಲ್ಲ.’